ಮಕ್ಕಳ ಮನೆಯಿಂದ ಬಂದ ಕಾಗದಗಳು

ಮಂಗಳೂರಿನ ಬಲ್ಮಠದ ಗುಡ್ಡದ ಸುತ್ತಮುತ್ತ ಬೆಳೆದ ನಮ್ಮಂಥವರಿಗೆ ಮೊಗ್ಲಿಂಗ್, ಹೆಬಿಕ್, ವೈಗ್ಲೆ, ಕಿಟೆಲ್ ಎಂಬ ಹೆಸರುಗಳು ಹೊರಗಿನವು ಅನಿಸುವುದೇ ಇಲ್ಲ. ಸಂಡೇಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಹೆಸರುಗಳು ಅವು. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. 1843ರ ಜುಲೈ 1ರಂದು ಮೊಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದರು. 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. 1894ರಲ್ಲಿ ಕಿಟೆಲರ ನಿಘಂಟು ಅಚ್ಚಾಯಿತು. ನನ್ನ ಅಜ್ಜ ಆ ಹಂಚಿನ ಕಾರ್ಖಾನೆಯಲ್ಲೇ ದುಡಿದು ಮನೆ ಕಟ್ಟಿದವರು. ಇಷ್ಟೆಲ್ಲ ತಿಳಿದಿದ್ದ ನನಗೆ ಒಂದು ಪ್ರಶ್ನೆ ಮಾತ್ರ ಯಾವತ್ತೂ ಹೊಳೆದಿರಲಿಲ್ಲ. ಈ ಜನಕ್ಕೆ ಮಕ್ಕಳಿರಲಿಲ್ಲವೇ? ಇದ್ದರೆ ಅವರು ಎಲ್ಲಿ ಬೆಳೆದರು? ಆ ಪ್ರಶ್ನೆ ಬಂದದ್ದು ಜರ್ಮನಿಯಲ್ಲಿ, ನನ್ನ ಸ್ವಂತ ಮಗಳನ್ನು ಮಂಗಳೂರಿನಲ್ಲಿ ಬಿಟ್ಟು ಹೋಗಿದ್ದ ವರ್ಷಗಳಲ್ಲಿ.

ನಾನು ಸಿ.ಎಸ್.ಐ. ಕರ್ನಾಟಕ ದಕ್ಷಿಣ ಸಭಾಪ್ರಾಂತದ ಪಾಸ್ಟರ್. ಸ್ಟುಟ್‌ಗಾರ್ಟಿನಲ್ಲಿ ಇ.ಎಂ.ಎಸ್. ಎಂಬ ಮಿಶನ್ ಒಕ್ಕೂಟವಿದೆ. 1972ರಲ್ಲಿ ಹುಟ್ಟಿದ ಅದರಲ್ಲಿ ನೈರುತ್ಯ ಜರ್ಮನಿಯ ಸಭೆಗಳ ಜೊತೆಗೆ ನಮ್ಮ ಸಿ.ಎಸ್.ಐ.ಯೂ ಆಫ್ರಿಕ, ಇಂಡೊನೇಶ್ಯದ ಸಭೆಗಳೂ ಸಮಾನ ಸದಸ್ಯರು. ಅಲ್ಲಿಂದ ಇಲ್ಲಿಗೆ ಬರುತ್ತಿದ್ದ ಹಾಗೆ ಈಗ ಇಲ್ಲಿಂದ ಅಲ್ಲಿಗೂ ಜನ ಸೇವೆಗೆ ಹೋಗುತ್ತಾರೆ. 2014ರಲ್ಲಿ ನನಗೆ ಕರೆ ಬಂತು. ನನ್ನ ಗಂಡನಿಗೆ ಬ್ಯಾಂಕಿನ ಕೆಲಸ, ಅತ್ತೆಗೆ ಮಂಡಿನೋವು, ಮಗಳು ಐದನೆಯ ಕ್ಲಾಸು. ನಾನೊಬ್ಬಳೇ ಹೋಗುವುದೆಂದು ಮನೆಯ ದೊಡ್ಡವರೆಲ್ಲ ಕೂತು ತೀರ್ಮಾನಿಸಿದೆವು. ಸಭೆಯವರು ಶಾಲು ಹೊದಿಸಿ, ಪ್ರಾರ್ಥನೆ ಮಾಡಿ, ಬಜಪೆ ವಿಮಾನ ನಿಲ್ದಾಣದವರೆಗೂ ಬಂದು ಬೀಳ್ಕೊಟ್ಟರು. ಸೇವೆಗೆ ಹೊರಟವರನ್ನು ಕಳಿಸುವುದು ನಮ್ಮಲ್ಲಿ ಹಬ್ಬದಂಥ ಸಂಗತಿ.

ನನ್ನನ್ನು ಕಳಿಸಿದ ಊರು ನೆಕ್ಕರ್ ನದಿಯ ಕಣಿವೆಯಿಂದ ಸ್ವಲ್ಪ ಮೇಲೆ, ದ್ರಾಕ್ಷಿ ತೋಟಗಳು ಮುಗಿದು ಸೇಬಿನ ಮರಗಳು ಶುರುವಾಗುವಲ್ಲಿ ಇತ್ತು. ವುರ್ಟೆಂಬರ್ಗ್ ಸಭೆ ಲೂಥರನ್ ಸಭೆಯೇ ಆದರೂ ಅಲ್ಲಿನ ಆರಾಧನೆ ತೀರ ಸರಳ. ಪ್ರಸಂಗಕ್ಕೆ ಹೆಚ್ಚು ಹೊತ್ತು, ವಿಧಿಗೆ ಕಡಿಮೆ. ಮೊದಲ ಭಾನುವಾರ ಆರ್ಗನ್ ಶುರುವಾದಾಗ, ಜರ್ಮನ್ ಮಾತು ಅರ್ಧಕ್ಕರ್ಧ ತಿಳಿಯದಿದ್ದರೂ ರಾಗ ನನ್ನ ಬಾಯಿಗೆ ತಾನಾಗಿ ಬಂತು. ನಾವು ಚಿಕ್ಕಂದಿನಿಂದ ಕನ್ನಡದಲ್ಲಿ ಹಾಡುತ್ತಿದ್ದ ಗೀತೆಯ ರಾಗ ಅದು. ನಮ್ಮ ಗೀತೆಗಳ ಪುಸ್ತಕದಲ್ಲಿ ಎಷ್ಟೋ ರಾಗಗಳು ಆ ನಾಡಿನವೇ ಎಂದು ಓದಿ ತಿಳಿದಿದ್ದೆ. ಆದರೆ ಐವತ್ತು ಅರವತ್ತು ಮುದುಕರು ಅದನ್ನು ಮೆಲ್ಲಗೆ, ನಮ್ಮಷ್ಟು ಗಟ್ಟಿಯಾಗಿ ಅಲ್ಲದೆ ಹಾಡುವುದನ್ನು ಕೇಳುವುದು ಬೇರೆ ಅನುಭವ. ನಾನೂರು ಜನ ಕೂರಬಹುದಾದ ದೇವಾಲಯ ಅದು.

ಆ ನಾಡಿನಲ್ಲಿ ಸಭೆ ಸಣ್ಣದಾಗುತ್ತಿರುವುದರ ಬಗ್ಗೆ ಇಲ್ಲಿ ಬಂದು ಮಾತಾಡುವಾಗ ನಮ್ಮವರು ಕೆಲವರು, ‘ಅವರು ನಂಬಿಕೆ ಬಿಟ್ಟರು, ಈಗ ನಾವು ಕೊಡಬೇಕು’ ಎನ್ನುತ್ತಾರೆ. ನನಗೆ ಆ ಮಾತು ಸರಿಬರುವುದಿಲ್ಲ. ಸಭೆಯ ಸದಸ್ಯರಾಗಿದ್ದರೆ ಆದಾಯ ತೆರಿಗೆಯ ಮೇಲೆ ಬಾಡೆನ್-ವುರ್ಟೆಂಬರ್ಗಿನಲ್ಲಿ ನೂರಕ್ಕೆ 8ರಂತೆ ಸಭಾತೆರಿಗೆ ಕಟ್ಟಬೇಕು. ಸದಸ್ಯತ್ವ ಬೇಡವೆಂದರೆ ಸರ್ಕಾರಿ ಕಚೇರಿಗೆ ಹೋಗಿ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟು ಹೋದವರು ಲಕ್ಷಗಟ್ಟಲೆ. 2022ರ ಹೊತ್ತಿಗೆ ಕ್ಯಾಥೊಲಿಕರು, ಪ್ರಾಟೆಸ್ಟಂಟರು ಇಬ್ಬರೂ ಸೇರಿ ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದರು. ಇದು ನಿಜ. ಆದರೆ ನಾನು ಕಂಡದ್ದು ಇನ್ನೊಂದನ್ನು. ಎಪ್ಪತ್ತು ತುಂಬಿದವರ, ಎಂಬತ್ತು ತುಂಬಿದವರ ಹುಟ್ಟುಹಬ್ಬಕ್ಕೆ ಸಭೆಯಿಂದ ಯಾರಾದರೊಬ್ಬರು ತಪ್ಪದೆ ಹೋಗುತ್ತಾರೆ. ಅಡ್ವೆಂಟಿಗೆ ಮುಂಚಿನ ಭಾನುವಾರ ಆ ವರ್ಷ ತೀರಿಕೊಂಡವರ ಹೆಸರುಗಳನ್ನೆಲ್ಲ ಒಂದೊಂದಾಗಿ ಓದಿ, ಒಂದೊಂದು ಹೆಸರಿಗೆ ಒಂದು ಮೇಣದಬತ್ತಿ ಹಚ್ಚುತ್ತಾರೆ. ಭಾನುವಾರ ಎಂದೂ ಬಾರದ ಮಕ್ಕಳು, ಮೊಮ್ಮಕ್ಕಳು ಆ ದಿನ ಬರುತ್ತಾರೆ. ಆ ಹೆಸರುಗಳನ್ನು ಓದುವ ಕೆಲಸವನ್ನು ಎರಡನೆಯ ವರ್ಷ ನನಗೆ ಕೊಟ್ಟರು. ನಾಲಿಗೆಗೆ ಹೊಸತಾದ ಹೆಸರುಗಳು. ಅವನ್ನು ತಪ್ಪಿಲ್ಲದೆ ಹೇಳಬೇಕೆಂದು ವಾರವಿಡೀ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ.

ಹುಟ್ಟುಹಬ್ಬದ ಭೇಟಿಗಳ ಕೆಲಸವೇ ನನ್ನನ್ನು ಆ ಅಜ್ಜಿಯ ಮನೆಗೆ ಕರೆದೊಯ್ದದ್ದು. ಎಂಬತ್ತೈದು ತುಂಬಿದ ದಿನ. ಮೇಜಿನ ಮೇಲೆ ಹೆಣೆದು ಬೇಯಿಸಿದ ಸಿಹಿಬ್ರೆಡ್ಡು, ಕಾಫಿ. ನಾನು ಯಾರು, ಎಲ್ಲಿಯವಳು ಎಂದು ಹೇಳಿದೆ. ಹುಬ್ಬಳ್ಳಿ ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ಅವರು ಕಾಫಿ ಬಗ್ಗಿಸುವುದನ್ನು ನಿಲ್ಲಿಸಿ, ‘ನಮ್ಮ ಅಜ್ಜಿಯ ತಾಯಿಯನ್ನು ಇಟ್ಟುಕೊಂಡದ್ದು ನಿಮ್ಮ ಹುಬ್ಬಳ್ಳಿ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ವರ್ಷಗಳಿಂದ ಹೇಳಬೇಕೆಂದಿದ್ದ ಮಾತನ್ನು ಸಂಬಂಧಪಟ್ಟವರಿಗೆ ಹೇಳಿದ ಹಾಗಿತ್ತು.

ಅವರ ಅಜ್ಜಿ ಹುಟ್ಟಿದ್ದು 1870ರ ದಶಕದಲ್ಲಿ, ಹುಬ್ಬಳ್ಳಿಯ ಮಿಶನ್ ಬಂಗಲೆಯಲ್ಲಿ. ಆರು ತುಂಬುತ್ತಲೇ ಊರಿಗೆ ಮರಳುತ್ತಿದ್ದ ಇನ್ನೊಂದು ಮಿಶನರಿ ಕುಟುಂಬದ ಜೊತೆ ಹಡಗು ಹತ್ತಿಸಿ ಬಾಸೆಲಿಗೆ ಕಳಿಸಿದರು. ಅಲ್ಲಿ ಮಿಶನ್ನಿನವರೇ 1853ರಲ್ಲಿ ಶುರುಮಾಡಿದ ‘ಮಕ್ಕಳ ಮನೆ’ ಇತ್ತು. ಭಾರತ, ಆಫ್ರಿಕ, ಚೀನಗಳಲ್ಲಿದ್ದ ಮಿಶನರಿಗಳ ಮಕ್ಕಳು ಬೆಳೆದದ್ದು ಅಲ್ಲಿ, ಅಥವಾ ವುರ್ಟೆಂಬರ್ಗಿನ ನೆಂಟರಿಷ್ಟರ ಮನೆಗಳಲ್ಲಿ. ತಂದೆತಾಯಿಯ ಮುಖ ಮತ್ತೆ ಕಾಣಲು ಹತ್ತು ವರ್ಷ ಹಿಡಿದದ್ದೂ ಉಂಟು, ಕಾಣದೇ ಹೋದದ್ದೂ ಉಂಟು. ಈ ಹುಡುಗಿಗೆ ತಾಯಿ ಮತ್ತೆ ಸಿಗಲಿಲ್ಲ. ಹುಬ್ಬಳ್ಳಿಯಲ್ಲೇ ತೀರಿಕೊಂಡರು. ಕೊನೆಗೆ ಸಿಕ್ಕಿದ್ದು ತಂದೆ ಮಾತ್ರ, ಅದೂ ಅಪರಿಚಿತರಾಗಿ.

ಅಜ್ಜಿ ಒಂದು ಕಟ್ಟು ಕಾಗದ ತಂದು ಮೇಜಿನ ಮೇಲಿಟ್ಟರು. ಎಲ್ಲವೂ ತಾಯಿ ಮಗಳಿಗೆ ಬರೆದವು. ಹಳೆಯ ಜರ್ಮನ್ ಕೈಬರಹ. ಈಗಿನವರಿಗೆ ಅದು ಓದಲು ಬರುವುದಿಲ್ಲ, ಅಜ್ಜಿಗೇ ಅರೆಬರೆ. ಊರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಬರುತ್ತಿತ್ತು. ಆ ಚಳಿಗಾಲದಲ್ಲಿ ಹಲವು ಗುರುವಾರಗಳ ಮಧ್ಯಾಹ್ನ ನಾವು ಮೂವರು ಆ ಮೇಜಿನ ಸುತ್ತ ಕೂತೆವು. ಮೇಷ್ಟ್ರು ನಿಧಾನವಾಗಿ ಓದುತ್ತಿದ್ದರು. ಹುಬ್ಬಳ್ಳಿಯ ಸಂಗತಿ ಬಂದಲ್ಲಿ ನಾನು ವಿವರಿಸುತ್ತಿದ್ದೆ. ಮಿಶನರಿಯ ಹೆಂಡತಿ ಬರೆದ ಕಾಗದಗಳಲ್ಲಿ ಸುವಾರ್ತೆಯ ಕೆಲಸದ ಸುದ್ದಿ ತುಂಬಿರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಮಳೆ ತಡವಾದದ್ದು, ಹಸು ಕರು ಹಾಕಿದ್ದು, ತಮ್ಮನಿಗೆ ಹಲ್ಲು ಬಂದದ್ದು, ಆಯಾ ನಿನ್ನನ್ನು ಕೇಳುತ್ತಾಳೆ ಎಂಬುದು. ಒಂದು ಕಾಗದದಲ್ಲಿ ತಾಯಿ ಮಗಳಿಗೆ ಹೇಳುತ್ತಾರೆ: ಹಾಳೆಯ ಮೇಲೆ ಪಾದವಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸು, ಎಷ್ಟು ಬೆಳೆದಿದ್ದೀಯ ಎಂದು ನೋಡಬೇಕು. ಸುಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೂ ಕಾಗದ ಮುಟ್ಟಲು ವಾರಗಳೇ ಬೇಕಿತ್ತು. ಆ ಹಾಳೆ ಹುಬ್ಬಳ್ಳಿ ತಲುಪುವ ಹೊತ್ತಿಗೆ ಪಾದ ಇನ್ನಷ್ಟು ಬೆಳೆದಿರುತ್ತಿತ್ತು.

ಮೇಷ್ಟ್ರು ಅಲ್ಲಿಗೆ ಓದು ನಿಲ್ಲಿಸಿದರು. ಅವತ್ತು ಮುಂದೆ ಓದಲಿಲ್ಲ.

ಆ ಕಾಗದಗಳಲ್ಲಿ ಆಯಾಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ, ಹೆಸರು ಮಾತ್ರ ಎಲ್ಲೂ ಇಲ್ಲ. ಮಗು ಮೊದಲು ಕನ್ನಡ ಮಾತಾಡಿದ್ದು ಅವಳ ಹತ್ತಿರ. ಜ್ವರ ಬಂದಾಗ ರಾತ್ರಿ ಎತ್ತಿಕೊಂಡು ಜಗಲಿಯಲ್ಲಿ ತಿರುಗಿದವಳು ಅವಳು. ಅವಳಿಗೂ ಮಕ್ಕಳಿದ್ದಿರಬೇಕು. ಈ ಮಗುವನ್ನು ನೋಡಿಕೊಳ್ಳುವಾಗ ಅವನ್ನು ಯಾರು ನೋಡಿಕೊಂಡರೋ. ಮಗು ಹಡಗು ಹತ್ತಿದ ಮೇಲೆ ಅವಳಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ, ಬಂದರೂ ಓದಲು ಬರುತ್ತಿರಲಿಲ್ಲ. ನಮ್ಮ ಮಿಶನ್ ಚರಿತ್ರೆಯಲ್ಲಿ ಬರೆಯದೆ ಉಳಿದವರಲ್ಲಿ ಅವಳೇ ಮೊದಲನೆಯವಳು ಎಂದು ನನ್ನ ನಂಬಿಕೆ.

ಆಮೇಲೆ ನಾನು ಈ ವಿಷಯವನ್ನು ಹುಡುಕಿ ಓದತೊಡಗಿದೆ. ಮಿಶನರಿ ಮದುವೆಯಾಗಬೇಕಾದರೆ ಎರಡು ವರ್ಷ ಸೇವೆ ಮುಗಿಸಿ ಬಾಸೆಲಿನ ಕಮಿಟಿಯ ಅನುಮತಿ ಪಡೆಯಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಗಂಡನಾಗುವವನ ಮುಖ ನೋಡಿರದೆ ಹಡಗು ಹತ್ತಿ ಮಂಗಳೂರಿಗೋ ಕಣ್ಣೂರಿಗೋ ಬಂದಿಳಿದು ಮದುವೆಯಾದರು. ಮಕ್ಕಳನ್ನು ವಾಪಸು ಕಳಿಸಲು ಕೊಡುತ್ತಿದ್ದ ಕಾರಣಗಳಲ್ಲಿ ಕೆಲವು ನ್ಯಾಯವಾದವು. ಕಾಲರಾ, ಮಲೇರಿಯಾಗಳಿಗೆ ಹೆದರಬೇಕಾದ ಕಾಲ ಅದು. ಹಳೆಯ ಮಿಶನ್ ಸ್ಮಶಾನಗಳಲ್ಲಿ ಪುಟ್ಟ ಗೋರಿಗಳು ಇವೆ. ಜರ್ಮನ್ ಶಾಲೆಯೂ ಇಲ್ಲಿ ಇರಲಿಲ್ಲ. ಆದರೆ ಇನ್ನೊಂದು ಕಾರಣವನ್ನೂ ಅವರು ಹೇಳುತ್ತಿದ್ದರು. ಇಲ್ಲಿನ ಆಯಾಗಳ, ಇಲ್ಲಿನ ಮಕ್ಕಳ ಸಹವಾಸದಲ್ಲಿ ಬೆಳೆದರೆ ತಮ್ಮ ಮಕ್ಕಳು ಕೆಡುತ್ತಾರೆ ಎಂಬ ಭಯ. ಇದನ್ನು ಓದಿದಾಗ ನನಗೆ ನೋವಾಯಿತು, ಇಂದಿಗೂ ಆಗುತ್ತದೆ. ಯಾರ ಆತ್ಮಕ್ಕಾಗಿ ಜೀವ ತೇದರೋ ಅವರ ಮಡಿಲಲ್ಲಿ ಮಗುವನ್ನು ಬಿಡಲು ಮನಸ್ಸು ಒಪ್ಪಲಿಲ್ಲ. ಆ ಜನರನ್ನು ನಾನು ಗೌರವಿಸುತ್ತೇನೆ, ಅವರಿಂದ ನಮ್ಮ ಮನೆತನಕ್ಕೆ ಅಕ್ಷರ ಬಂತು, ಅನ್ನ ಬಂತು. ಆದರೂ ಈ ಒಂದು ಭಯವನ್ನು ಅವರ ಕಾಲದ ದೋಷವೆಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಅವರ ಮಕ್ಕಳು ಕನ್ನಡ ಮರೆತದ್ದು ಆ ಭಯದಿಂದ.

ವಸಂತಕಾಲದಲ್ಲಿ ಒಂದು ದಿನ ಕಾಲ್ವ್ ಎಂಬ ಊರಿಗೆ ಹೋದೆ. ಕಾದಂಬರಿಕಾರ ಹೆರ್ಮನ್ ಹೆಸ್ಸೆ 1877ರಲ್ಲಿ ಹುಟ್ಟಿದ ಊರು. ‘ಸಿದ್ಧಾರ್ಥ’ ಬರೆದವರ ಊರನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ನಾನು ಹೋದದ್ದು ಅವರ ತಾಯಿಗಾಗಿ. ಮಲಯಾಳ ನಿಘಂಟು ಮಾಡಿದ ಹೆರ್ಮನ್ ಗುಂಡರ್ಟರ ಮಗಳು ಮರೀ. ಹುಟ್ಟಿದ್ದು 1842ರಲ್ಲಿ ತಲಶೇರಿಯಲ್ಲಿ. ಎಳೆಯ ಮಗುವಾಗಿದ್ದಾಗಲೇ ಯುರೋಪಿಗೆ ಕರೆದೊಯ್ದು ಅಲ್ಲೇ ಬಿಟ್ಟು ತಂದೆತಾಯಿ ಮಲಬಾರಿಗೆ ಮರಳಿದರು. ಮರೀ ತಿರುಗಿ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ಅವರ ಮಗ ಹೆಸ್ಸೆಯನ್ನೂ ಬಾಲ್ಯದಲ್ಲಿ ಕೆಲವು ತಿಂಗಳು ಬಾಸೆಲ್ ಮಿಶನ್ನಿನ ಬಾಲಕರ ಮನೆಯಲ್ಲಿ ಇರಿಸಿದರು. ಎರಡು ತಲೆಮಾರಿಗೂ ಅದೇ ಅನುಭವ. ನದಿಯ ಸೇತುವೆಯ ಮೇಲೆ ನಿಂತು ನಾನು ಮನೆಗೆ ಫೋನ್ ಮಾಡಿದೆ. ಮಗಳು ಟ್ಯೂಶನ್ನಿಗೆ ಹೋಗಿದ್ದಳು.

ನನಗೆ ವೀಡಿಯೊ ಕಾಲ್ ಇತ್ತು, ಹುಬ್ಬಳ್ಳಿಯ ತಾಯಿಗೆ ಇರಲಿಲ್ಲ. ಇದನ್ನು ಸಣ್ಣ ವ್ಯತ್ಯಾಸವೆಂದು ಹೇಳಲಾರೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಗಳು ಊಟ ಮುಗಿಸಿ ಮಲಗುವ ಮುಂಚೆ ಕರೆ ಮಾಡಿದರೆ ನನಗೆ ಸಂಜೆ ನಾಲ್ಕೂವರೆ, ಕಿಟಕಿಯಾಚೆ ಆಗಲೇ ಕತ್ತಲು. ಅವಳ ಹಲ್ಲಿಗೆ ತಂತಿ ಕಟ್ಟಿಸಿದ್ದು, ಕೂದಲು ಗಿಡ್ಡ ಮಾಡಿಸಿಕೊಂಡದ್ದು, ಎಲ್ಲ ಕಂಡೆ. ಎತ್ತರ ಕಾಣುತ್ತಿರಲಿಲ್ಲ. ಪರದೆಯಲ್ಲಿ ಮುಖ ಮಾತ್ರ ತಾನೆ. ಬೇಸಿಗೆಯ ರಜೆಗೆಂದು ಊರಿಗೆ ಬಂದು ಬಾಗಿಲಲ್ಲಿ ಅವಳನ್ನು ಅಪ್ಪಿಕೊಂಡಾಗ ಅವಳ ತಲೆ ನನ್ನ ಕಿವಿಯವರೆಗೆ ಬಂದಿತ್ತು.

ಜರ್ಮನಿಗೆ ಮರಳಿದ ಮೇಲೆ ಒಂದು ಭಾನುವಾರ ಹನ್ನಳ ಮೇಲೆ ಪ್ರಸಂಗ ಮಾಡಿದೆ. ಬೇಡಿ ಪಡೆದ ಮಗ ಸಮುವೇಲನನ್ನು ಹಾಲು ಬಿಟ್ಟ ಕೂಡಲೇ ದೇವಾಲಯಕ್ಕೆ ಒಪ್ಪಿಸಿದ ತಾಯಿ ಅವಳು. ಅವಳ ತ್ಯಾಗವನ್ನು ಹೊಗಳುವ ಪ್ರಸಂಗಗಳನ್ನು ಸಣ್ಣಂದಿನಿಂದ ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಈ ಸಲ ನನ್ನ ಕಣ್ಣು ನಿಂತದ್ದು ಅದರ ಮುಂದಿನ ಅಧ್ಯಾಯದ ಒಂದು ಸಂಗತಿಯ ಮೇಲೆ. ಅವಳು ವರ್ಷ ವರ್ಷವೂ ಒಂದು ಪುಟ್ಟ ಅಂಗಿ ಹೊಲಿದು ಅವನಿಗೆ ತಂದುಕೊಡುತ್ತಿದ್ದಳು. ಕಣ್ಣೆದುರಿಗೆ ಇಲ್ಲದ ಮಗನ ಅಳತೆ ಅವಳಿಗೆ ಹೇಗೆ ತಿಳಿಯುತ್ತಿತ್ತು? ಅಂದಾಜಿನಲ್ಲಿ ಹೊಲಿಯಬೇಕು. ಮಗು ಏನು ನೆನೆದುಕೊಳ್ಳುತ್ತಿತ್ತು ಎಂಬುದನ್ನು ಸತ್ಯವೇದ ಹೇಳುವುದಿಲ್ಲ, ಹೇಳದೆ ಬಿಟ್ಟದ್ದನ್ನು ನಾವು ತುಂಬಲೂ ಬಾರದು, ಆದರೆ ಕೇಳಲೇಬೇಕು ಎಂದೆ. ಅಜ್ಜಿಯ ಅಪ್ಪಣೆ ಪಡೆದು ಪಾದದ ಗೆರೆಯ ಕಾಗದದ ವಿಷಯವನ್ನೂ ಹೇಳಿದೆ.

ಆರಾಧನೆಯ ನಂತರದ ಕಾಫಿಗೆ ಸಾಮಾನ್ಯವಾಗಿ ಹತ್ತು ಹದಿನೈದು ಜನ ನಿಲ್ಲುತ್ತಾರೆ. ಅವತ್ತು ಯಾರೂ ಹೋಗಲಿಲ್ಲ. ಎಂಬತ್ತು ದಾಟಿದ ಒಬ್ಬರು 1945ರ ಚಳಿಗಾಲದಲ್ಲಿ ಪೂರ್ವ ಪ್ರಶ್ಯದಿಂದ ಓಡಿಬರುವಾಗ ದಾರಿಯಲ್ಲಿ ತಾಯಿ ಕೈತಪ್ಪಿದ್ದನ್ನು ಹೇಳಿದರು. ಯುದ್ಧದ ಕೊನೆಗೆ ಪೂರ್ವದ ಸೀಮೆಗಳಿಂದ ಹೀಗೆ ಹೊರಟು ಬಂದವರು, ಹೊರಹಾಕಿಸಿಕೊಂಡವರು ಒಂದು ಕೋಟಿಗೂ ಹೆಚ್ಚು ಎಂಬುದು ಓದಿ ಗೊತ್ತಿತ್ತು. ಪ್ರತಿ ಭಾನುವಾರ ಮೂರನೆಯ ಸಾಲಿನ ಬಲತುದಿಯಲ್ಲಿ ಕೂರುವವರು ಅವರಲ್ಲೊಬ್ಬರು ಎಂದು ಗೊತ್ತಿರಲಿಲ್ಲ. ಅವರ ಹೆಂಡತಿಗೂ ಆ ಕಥೆ ಪೂರ್ತಿ ಗೊತ್ತಿರಲಿಲ್ಲವಂತೆ. ನನ್ನ ಸೇವೆ ಏನೆಂದು ನನಗೆ ಸ್ಪಷ್ಟವಾದದ್ದು ಆ ದಿನ. ಆ ಊರಿಗೆ ಸುವಾರ್ತೆ ನನ್ನಿಂದ ಹೋಗಬೇಕಾಗಿರಲಿಲ್ಲ. ಅದು ಅಲ್ಲಿ ಶತಮಾನಗಳಿಂದ ಇತ್ತು. ಹೊರಗಿನಿಂದ ಬಂದವಳೊಬ್ಬಳು ಬೇಕಿತ್ತು, ನೆರೆಯವರಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು.

2015ರ ಶರತ್ಕಾಲದಲ್ಲಿ ನಿರಾಶ್ರಿತರು ಬಂದರು. ಆ ಒಂದು ವರ್ಷ ಜರ್ಮನಿಗೆ ಆಶ್ರಯ ಕೇಳಿ ಬಂದವರು ಎಂಟು ಲಕ್ಷಕ್ಕೂ ಹೆಚ್ಚು. ನಮ್ಮ ಊರಿನ ಪಂಚಾಯಿತಿ ಹಳೆಯ ಕಟ್ಟಡವೊಂದನ್ನು ಅವರಿಗೆ ಬಿಟ್ಟುಕೊಟ್ಟಿತು. ಸಭೆಯವರು ಭಾಷೆ ಕಲಿಸಲು, ಕಚೇರಿಗಳಿಗೆ ಜೊತೆಗೆ ಹೋಗಲು ಗುಂಪು ಕಟ್ಟಿದರು. ನಿರಾಶ್ರಿತರ ಪೈಕಿ ಹದಿನಾಲ್ಕು ಹದಿನೈದರ ಅಫ್ಘಾನ್ ಹುಡುಗರಿದ್ದರು, ದೊಡ್ಡವರಿಲ್ಲದೆ ಬಂದವರು. ಕಾಗದ ಓದುತ್ತಿದ್ದ ಮೇಷ್ಟ್ರು ಅವರಿಗೆ ಜರ್ಮನ್ ಕಲಿಸಲು ವಾರಕ್ಕೆ ಮೂರು ದಿನ ಹೋಗತೊಡಗಿದರು. ಗುರುವಾರಗಳು ಮಾತ್ರ ನಮ್ಮವೇ ಆಗಿ ಉಳಿದವು. 2016ರ ಮಾರ್ಚಿನಲ್ಲಿ, ಪೂರ್ಣ ಆಶ್ರಯವಿಲ್ಲದೆ ತಾತ್ಕಾಲಿಕ ರಕ್ಷಣೆ ಪಡೆದವರು ಕುಟುಂಬದವರನ್ನು ಕರೆಸಿಕೊಳ್ಳುವುದನ್ನು ಸರ್ಕಾರ ಎರಡು ವರ್ಷ ತಡೆಹಿಡಿಯಿತು. ಆ ಸುದ್ದಿ ಬಂದ ಸಂಜೆ ಒಬ್ಬ ಸಿರಿಯದ ತಂದೆಯ ಜೊತೆ ಮೆಟ್ಟಿಲ ಮೇಲೆ ಕೂತಿದ್ದೆ. ಅವರ ಇಂಗ್ಲಿಷು ಅಷ್ಟಕ್ಕಷ್ಟೆ, ನನಗೆ ಅರಬ್ಬಿ ಬಾರದು. ಫೋನಿನಲ್ಲಿ ಮಗಳ ಚಿತ್ರ ತೋರಿಸಿದರು. ನಾನೂ ತೋರಿಸಿದೆ.

ಮೊಗ್ಲಿಂಗರು 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗೆನ್ನಿನಲ್ಲಿ, ನಾನಿದ್ದ ಊರಿಂದ ರೈಲಿನಲ್ಲಿ ಸ್ವಲ್ಪ ದೂರ. ಕನ್ನಡದ ಹಳೆಯ ಕಾವ್ಯಗಳನ್ನು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂದು ಅಚ್ಚು ಮಾಡಿಸಿದ ಮೊಗ್ಲಿಂಗರನ್ನು ನಮ್ಮ ಸಾಹಿತ್ಯ ಚರಿತ್ರೆ ಬಲ್ಲದು. ಗೆಳೆಯ ವೈಗ್ಲೆ 1855ರಲ್ಲಿ ತೀರಿಕೊಂಡಾಗ ಅವರ ಹೆಂಡತಿ ಪೌಲೀನಾರನ್ನು ಮದುವೆಯಾಗಿ, ಅವರ ಗಂಡುಮಕ್ಕಳಿಗೆ ತಂದೆಯಾದ ಮೊಗ್ಲಿಂಗರನ್ನು ಅಷ್ಟಾಗಿ ಬಲ್ಲದು ಎನ್ನಲಾರೆ. 1860ರಲ್ಲಿ ಕೊಡಗಿನ ಕೆಲಸ ಬಿಟ್ಟು ಅವರು ಊರಿಗೆ ಮರಳಿದ್ದು ಹೆಂಡತಿಯ ಕಾಯಿಲೆಯಿಂದಾಗಿ. ಅಲ್ಲಿದ್ದುಕೊಂಡೇ ದಾಸರ ಪದಗಳನ್ನು ಜರ್ಮನ್ನಿಗೆ ತಂದರು. ಸೇವೆ ಬಿಟ್ಟುಬಂದರು ಎಂದು ಯಾರಾದರೂ ಅಂದಿದ್ದರೆ ನಾನು ಒಪ್ಪುವುದಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಬಾಳಿನ ದೊಡ್ಡ ನಿರ್ಧಾರಗಳಲ್ಲಿ ಇದೂ ಒಂದು.

ಅವರ ಶಿಷ್ಯ ಆನಂದರಾವ್ ಕೌಂಡಿನ್ಯರು ಮಂಗಳೂರಿನ ಸಾರಸ್ವತ ಮನೆತನದವರು. 1844ರಲ್ಲಿ ದೀಕ್ಷಾಸ್ನಾನ ಪಡೆದು ಹೆರ್ಮನ್ ಎಂಬ ಗುರುವಿನ ಹೆಸರನ್ನೂ ಪಡೆದರು. 1846ರಲ್ಲಿ ಮೊಗ್ಲಿಂಗರ ಜೊತೆ ಯುರೋಪಿಗೆ ಹೋಗಿ, ಓದಿ, 1851ರಲ್ಲಿ ಪಾಸ್ಟರ್ ದೀಕ್ಷೆ ಪಡೆದು ಮರಳಿದರು. ನಾನು ಹೋದ ದಾರಿಯಲ್ಲಿ ನಮ್ಮ ಕಡೆಯಿಂದ ಮೊದಲು ಹೋದವರು ಅವರು. ಅವರ ದೀಕ್ಷಾಸ್ನಾನದ ಕಾಲದಲ್ಲಿ ಮಂಗಳೂರೇ ಕದಡಿಹೋಗಿತ್ತು. ನಮ್ಮ ಸಭೆಯಲ್ಲಿ ಆ ಕಥೆಯನ್ನು ಅವರ ಧೈರ್ಯದ ಕಥೆಯಾಗಿ ಹೇಳುತ್ತೇವೆ, ಹೇಳಬೇಕು ಕೂಡ. ಈಗ ನಾನು ಅದನ್ನು ಹೇಳುವಾಗ ಅವರ ಮನೆಯವರನ್ನೂ ಸೇರಿಸಿ ಹೇಳುತ್ತೇನೆ. ಮಗ ಬದುಕಿದ್ದೂ ಮನೆಗೆ ಇಲ್ಲವಾದ ಆ ಹೆತ್ತ ಹೊಟ್ಟೆಯ ಸಂಕಟವನ್ನು ಅಜ್ಞಾನವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ನಾನು ಊರಿಗೆ ಮರಳಿ ಈಗ ಸಾಕಷ್ಟು ವರ್ಷಗಳಾದವು. ಅಜ್ಜಿ ತೀರಿಕೊಂಡರು. ಆ ವರ್ಷ ಅಡ್ವೆಂಟಿಗೆ ಮುಂಚಿನ ಭಾನುವಾರ ಅವರ ಹೆಸರು ಓದಿದ್ದನ್ನು ಮೇಷ್ಟ್ರು ಬರೆದು ತಿಳಿಸಿದರು. ಮಗಳು ಕಾಲೇಜು ಮುಗಿಸಿದ್ದಾಳೆ. ಈ ಬರಹದ ಮೊದಲ ಪ್ರತಿಯನ್ನು ಅವಳಿಗೇ ಓದಲು ಕೊಟ್ಟೆ. ಅದರಲ್ಲಿ ‘ಮಗಳೂ ಒಪ್ಪಿ ನನ್ನನ್ನು ಕಳಿಸಿಕೊಟ್ಟಳು’ ಎಂದು ಒಂದು ಸಾಲು ಇತ್ತು.

‘ಅಮ್ಮಾ, ಇದನ್ನು ತೆಗೆ. ನಾನು ಒಪ್ಪಿದ್ದೂ ಇಲ್ಲ, ಬೇಡ ಅಂದದ್ದೂ ಇಲ್ಲ. ನನ್ನ ಹತ್ತಿರ ಯಾರೂ ಕೇಳ್ಲೇ ಇಲ್ಲ’ ಎಂದಳು. ಸ್ವಲ್ಪ ಹೊತ್ತಾದ ಮೇಲೆ, ‘ನೀನು ಹೋದದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಕೇಳಬೇಕಿತ್ತು, ಅಷ್ಟೇ’ ಎಂದು ಸೇರಿಸಿದಳು. ಸಾಲು ತೆಗೆದೆ.

ಸಭೆಯಿಂದ ಹೊರದೇಶದ ಸೇವೆಗೆ ಹೋಗುವವರ ಬಗ್ಗೆ ವಿಚಾರ ಮಾಡುವಾಗ ಈಗ ನನ್ನನ್ನೂ ಕರೆಯುತ್ತಾರೆ. ಈ ವರ್ಷ ಒಬ್ಬ ಯುವ ಪಾಸ್ಟರರ ಹೆಸರು ಬಂತು. ಅವರ ಹೆಂಡತಿ ನರ್ಸು, ಒಂಬತ್ತು ವರ್ಷದ ಮಗನಿದ್ದಾನೆ. ಅರ್ಜಿಯಲ್ಲಿ ಮಗನ ಬಗ್ಗೆ ಇದ್ದದ್ದು ಹೆಸರು, ವಯಸ್ಸು ಮಾತ್ರ. ಅವನನ್ನು ಒಬ್ಬನೇ ಕರೆದು ಕೂರಿಸಿಕೊಂಡು ಮಾತಾಡಿದೆವು. ಭಾಷೆ ಬಾರದ ಶಾಲೆಯಲ್ಲಿ ತನ್ನ ಪಕ್ಕ ಯಾರು ಕೂರುತ್ತಾರೆ ಎಂಬುದೇ ಅವನ ಚಿಂತೆ. ಉತ್ತರ ನಮ್ಮಲ್ಲಿ ಇರಲಿಲ್ಲ. ಹೊರಡುವುದನ್ನು ಮುಂದಿನ ಬೇಸಿಗೆ ರಜೆಗೆ ಹಾಕಿದ್ದೇವೆ, ಮೂವರೂ ಒಟ್ಟಿಗೆ ಹೋಗುವುದೆಂದು ಬರೆದಾಗಿದೆ. ಅಲ್ಲಿಯವರೆಗೆ ವಾರಕ್ಕೆರಡು ಸಂಜೆ ತಂದೆ, ತಾಯಿ, ಮಗ ಮೂವರೂ ಬಲ್ಮಠಕ್ಕೆ ಜರ್ಮನ್ ಕಲಿಯಲು ಬರುತ್ತಿದ್ದಾರೆ. ಉಚ್ಚಾರದಲ್ಲಿ ಹುಡುಗ ಮುಂದಿದ್ದಾನೆ.